ಕರಿಕಲ್ಲಿನ ಉಡಿ

ಅಂಗಳ ಗುಡಿಸಿದ ಮೇಲೆ ಕಾಶವ್ವ ಎಂದಿನಂತೆ ಅಣಬೆಗಳಿಗೆ ನೀರು ಚಿಮುಕಿಸಿದಳು. ನೆಲದಲ್ಲಿ ಸೀಸದ ವಿಷವಿದ್ದಲ್ಲಿ ಮಾತ್ರ ಏಳುವ ಅಣಬೆಗಳವು. ವಿಷ ಹೀರಿ ಹೀರಿ ಅಮಾವಾಸ್ಯೆಯ ಹೊತ್ತಿಗೆ ಕರಿಕಲ್ಲಾಗುತ್ತಿದ್ದವು. ಓಣಿಯ ಹೆಂಗಸರು ಅವನ್ನು ಕಿತ್ತು ಬುಟ್ಟಿಗೆ ತುಂಬಿಡುತ್ತಿದ್ದರು. ಅಣಬೆ ಏಳುವುದು ನಿಂತ ಅಂಗಳದಲ್ಲಷ್ಟೇ ಮಕ್ಕಳಿಗೆ ಆಟ.

ಅಂದು ಓಣಿಯಾಚೆಯ ಬ್ಯಾಟರಿ ಫ್ಯಾಕ್ಟರಿಯ ಅಧಿಕಾರಿ ಸುನಿಧಿ ಹೊಸ ಸೀರೆಯುಟ್ಟು, ಪೇಡೆಯ ಡಬ್ಬಿ ಹಿಡಿದು ಬಂದಳು.

"ಇಡೀ ಓಣಿಗೆ ನಾವೇ ಕಾಂಕ್ರೀಟ್ ಹಾಕಿಸಿಕೊಡ್ತೀವಿ ಅಮ್ಮ. ಈ ಅಣಬೆ ಕಾಟ ತಪ್ಪುತ್ತೆ."

"ಅಣಬಿ ಮುಚ್ಚಬಹುದ್ರಿ. ಕೆಳಗಿನ ನಿಮ್ಮ ವಿಷ ಎಲ್ಲಿಗಿ ಹೋಗತೈತಿ?"

"ಅದು ನಮ್ಮದು ಅನ್ನೋದಕ್ಕೆ ಏನು ಸಾಕ್ಷಿ?"

ಕಾಶವ್ವನ ಮೈಯೆಲ್ಲ ಉರಿಯಿತು. ಆದರೂ ನಗುತ್ತಲೇ ಮಣೆ ಹಾಕಿದಳು. "ಮನಿಗಿ ಬಂದ ಹೆಣ್ಮಗಳನ್ನ ಬರಿಗೈಲೆ ಕಳಸಬಾರ್ದ್ರಿ. ಕುಂದರ್ರಿ, ಉಡಿ ತುಂಬತೀನಿ."

ಅಕ್ಕಿ, ಕೊಬ್ಬರಿ ಬೀಳುತ್ತವೆಂದು ಸುನಿಧಿ ರೂಢಿಯಂತೆ ತಲೆ ತಗ್ಗಿಸಿ ಸೆರಗೊಡ್ಡಿದಳು. ಧೊಪ್ಪನೆ ಬಿದ್ದದ್ದು ಕರಿಕಲ್ಲು. ಬೆಚ್ಚಿ ಕೊಡವಲು ಹೋದಳು. ಉಡಿಗೆ ಬಿದ್ದದ್ದನ್ನು ಕೆಡವಬಾರದೆಂದು ಚಿಕ್ಕಂದಿನಲ್ಲೇ ಕಲಿತ ಕೈ ಮಾತು ಕೇಳಲಿಲ್ಲ. ತಲೆಯೆತ್ತಿದರೆ ಓಣಿಯ ಹೆಂಗಸರೆಲ್ಲ ಉಡಿ ತುಂಬುವ ಸರದಿಗೆ ಬುಟ್ಟಿ ಹೊತ್ತು ಸಾಲಾಗಿ ನಿಂತಿದ್ದರು.

ಇನ್ನಷ್ಟು ಬೀಳುವ ಮೊದಲೇ, ಜಗ್ಗುವ ಸೆರಗನ್ನು ಅವುಚಿಕೊಂಡು ಸುನಿಧಿ ಎದ್ದು ಫ್ಯಾಕ್ಟರಿಯತ್ತ ನಡೆದಳು. ಹೆಂಗಸರು ಬುಟ್ಟಿಸಮೇತ ಸೋಬಾನೆ ಹಾಡುತ್ತ ಬೆನ್ನು ಹತ್ತಿದರು. ಗೇಟಿನಲ್ಲಿ ಕಾವಲುಗಾರ ಅಡ್ಡ ಬಂದ.

"ದಾರಿ ಬಿಡೋ ತಮ್ಮಾ," ಕಾಶವ್ವ ಗದರಿದಳು. "ಈ ಕಲ್ಲು ನಿಮ್ಮ ಫ್ಯಾಕ್ಟರಿ ಹಡದ ಮಗಳು. ತವರಿಗಿ ಬಂದಾಳ. ಆರತಿ ತರಾಕ ಹೇಳು ನಿಮ್ಮ ಸಾಹೇಬಗ!"