ಬೆಲ್ಲದ ಜೊತೆಗಿಟ್ಟ ನೀರು

ಹಾಲಿನ ಪುಡಿ ಹಾಕಿದ ಬಾಟಲಿಗೆ ದೀಪ್ತಿ ಕೆಟಲ್ ಬಗ್ಗಿಸುತ್ತಿದ್ದಂತೆ ಕೊರಗಪ್ಪ ಬಾಟಲಿಯ ಬಾಯಿಗೆ ಅಂಗೈ ಅಡ್ಡ ಇಟ್ಟ. ಬಿಸಿನೀರು ಬಿದ್ದರೂ ಕೈ ತೆಗೆಯಲಿಲ್ಲ.

"ಮಗುವಿಗೆ ಇದು ಬೇಡ ಮಾರಾಯ್ತಿ."

"ಕುದಿಸಿದ ನೀರಲ್ವಾ, ಕೊರಗಪ್ಪಣ್ಣ?"

"ಕುದಿಸಿದ್ರೂ ಹೋಗುದಿಲ್ಲ. ಬಾವಿಗೆ ಯೂರಿಯಾ ಇಳಿದಿದೆ."

ಇಳಿಸಿದವನು ಅವನೇ. ಅಬುಧಾಬಿಯ ಈ ತೋಟದ ಸೂಪರ್‌ವೈಸರ್ ಆದಾಗಿನಿಂದ ಸೌತೆ ಬಳ್ಳಿಗೆ ಕೈತುಂಬ ಯೂರಿಯಾ ಎರಚಿ, ಊರಿನ ಗದ್ದೆಗೆ ಬಿಟ್ಟಂತೆ ನೀರು ಬಿಟ್ಟಿದ್ದ. ಮರಳು ಎರಡನ್ನೂ ಹಿಡಿದಿಟ್ಟುಕೊಳ್ಳಲಿಲ್ಲ. ಹಸುಗೂಸಿಗೆ ಈ ನೀರು ಕೊಡಲೇಬಾರದು, ದೊಡ್ಡವರೂ ಕುಡಿಯದಿದ್ದರೆ ಒಳ್ಳೆಯದು ಎಂದು ಪರೀಕ್ಷೆ ಮಾಡಿದವರು ಹೇಳಿ ಹೋಗಿದ್ದರು. ಆದರೂ ಊರಿನವರಾದ ದೀಪ್ತಿ ಮತ್ತು ಅವಳ ಗಂಡ ಖಲೀಫಾ ಸಿಟಿಯಿಂದ ತೋಟ ನೋಡಲು ಬಂದಾಗ, ಬೆಲ್ಲದ ಜೊತೆ ಅಂಗಡಿಯ ನೀರು ಇಡಲು ಅವನಿಗೆ ಮನಸ್ಸಾಗಲಿಲ್ಲ. ಸುತ್ತಲಿನ ಬಾವಿಗಳೆಲ್ಲ ಉಪ್ಪು, ತನ್ನದೊಂದೇ ಸಿಹಿ ಎಂಬ ಜಂಬ.

"ನಾವು ಆಗ್ಲೇ ಕುಡಿದೆವಲ್ಲ" ಎಂದಳು ದೀಪ್ತಿ, ಮೆಲ್ಲಗೆ.

ಊರಿನ ನೀರೇ ಕುಡಿದ ಹಾಗಾಯ್ತು ಎಂದು ಹೊಗಳಿ ಎರಡನೇ ಲೋಟ ಹಿಡಿದಿದ್ದ ಅವಳ ಗಂಡ ರಂಜಿತ್ ಅದನ್ನು ಸದ್ದಾಗದಂತೆ ಕೆಳಗಿಟ್ಟ. ಕೊರಗಪ್ಪಣ್ಣನಿಗೆ ಬೇಜಾರಾಗಬಾರದೆಂದು ತಟ್ಟೆಯಿಂದ ಬೆಲ್ಲದ ಚೂರೊಂದನ್ನು ಮಾತ್ರ ಬಾಯಿಗೆ ಹಾಕಿಕೊಂಡ.

ಕೊರಗಪ್ಪನಿಗೆ ತಲೆ ಎತ್ತಲಾಗಲಿಲ್ಲ.