ವಿ ಹದಿಮೂರು

"ಅದನ್ನ ಹದಿನೆಂಟು ಮಾಡಮ್ಮ. ಒಂದು ಅಂಕಿ ತಾನೆ?"

ದಾಖಲೆ ವಿಭಾಗದ ಮುಖ್ಯಸ್ಥರು ಬಾಗಿಲು ಮುಂದೆ ಮಾಡಿ, ದನಿ ತಗ್ಗಿಸಿ ಹೇಳಿದರು. ಕೋಡಕ್ಕ ಕಂಪ್ಯೂಟರಿನಿಂದ ಕಣ್ಣು ಕೀಳಲಿಲ್ಲ.

ಆಸ್ಪತ್ರೆಗೆ ಬಂದ ಪ್ರತಿ ಗಾಯಕ್ಕೂ, ಅದು ಆದ ಬಗೆಗೂ ಒಂದೊಂದು ಕೋಡ್ ಹಚ್ಚುವುದು ಅವಳ ಕೆಲಸ. ಅದರಿಂದಲೇ ಆ ಹೆಸರು. ವಿ ಹದಿಮೂರು ಎಂದರೆ ಸೈಕಲ್ ಸವಾರನಿಗೆ ಕಾರು ಗುದ್ದಿದೆ. ವಿ ಹದಿನೆಂಟು ಎಂದರೆ ಅವನು ತಾನಾಗಿ ಬಿದ್ದಿದ್ದಾನೆ. ಹದಿಮೂರು ಹಾಕಿದರೆ ಕಡತ ನೇರವಾಗಿ ಪೊಲೀಸರಿಗೆ ಹೋಗುತ್ತದೆ. ಹದಿನೆಂಟು ಹಾಕಿದರೆ ಕಪಾಟಿಗೆ.

ಮೂರನೇ ವಾರ್ಡಿನಲ್ಲಿ ಕಾಲು ಮುರಿದುಕೊಂಡು ಮಲಗಿದ್ದವನು ಅಂಚೆಯಣ್ಣ. ಏನಾಯಿತೆಂದು ಅವನಿಗೆ ನೆನಪೇ ಇಲ್ಲ. ತನ್ನ ತಪ್ಪಿನಿಂದಲೇ ಬಿದ್ದನೆಂದು ಆಸ್ಪತ್ರೆ ಬರೆದುಕೊಟ್ಟರೆ ಸಾಕು, ಅವನನ್ನು ಕೆಲಸದಿಂದ ಕಿತ್ತುಹಾಕಲು ಮೇಲಿನವರು ತುದಿಗಾಲಲ್ಲಿ ನಿಂತಿದ್ದರು. ಅಜ್ಜಿ ಹೇಳುವ ಕಥೆಯಲ್ಲಿ ರಾಕ್ಷಸನ ಪ್ರಾಣ ಏಳು ಕಡಲಾಚೆಯ ಗಿಳಿಯೊಳಗೆ ಇರುತ್ತದಲ್ಲ, ಹಾಗೆ ಆ ಬಡಪಾಯಿಯ ಅನ್ನ ಈ ಅಂಕಿಯೊಳಗೆ ಕೂತಿತ್ತು.

"ಕರೆತಂದವರೇ ಬರೆಸಿದಾರಲ್ಲಮ್ಮ, ತಾನಾಗಿ ಬಿದ್ದ ಅಂತ."

"ಬರೆಸಿದ್ದು ಸುಳ್ಳು ಸರ್. ತಾನಾಗಿ ಬಿದ್ದವನ ಮೊಣಕೈಯಲ್ಲಿ ಹೆಡ್‌ಲೈಟಿನ ಗಾಜು ಎಲ್ಲಿಂದ ಬರುತ್ತೆ?"

ಅದೇ ಪ್ರಶ್ನೆಯನ್ನು ಬೆಳಿಗ್ಗೆ ಚೀಟಿಯಲ್ಲಿ ಬರೆದು ಡಾಕ್ಟರಿಗೆ ಕಳಿಸಿದ್ದಳು. ಡಾಕ್ಟರು ಬರೆಯದ್ದಕ್ಕೆ ಅವಳು ಕೋಡ್ ಹಾಕುವಂತಿಲ್ಲ, ಕೇಳಬಹುದು. ಅವರು ಸಿಡಿಮಿಡಿಗುಟ್ಟುತ್ತ ಗಾಯಗಳನ್ನು ಮತ್ತೊಮ್ಮೆ ನೋಡಿ, 'ಕಾರು ಡಿಕ್ಕಿ' ಎಂದು ತಿದ್ದಿ ಸಹಿ ಹಾಕಿದ್ದರು.

"ನಿಮಗೆ ಕೋಡು ಮೂಡಿದೆ ಬಿಡಿ," ಎಂದಿದ್ದರು ಹೋಗುವಾಗ.

"ಮೂಡ್ಲಿ ಡಾಕ್ಟ್ರೇ. ಹಾಯೋಕಾದ್ರೂ ಬರುತ್ತೆ."

ಮುಖ್ಯಸ್ಥರು ಕುರ್ಚಿ ಎಳೆದು ಕೂತರು. "ನೋಡು, ಕಂಡವರು ಯಾರೂ ಇಲ್ಲ. ಕಾರಿನವರು ಓಡಿಹೋಗ್ಲಿಲ್ಲ, ತಾವೇ ತಂದು ಸೇರಿಸಿದ್ರು. ಅವರಿಗೂ ಮಕ್ಕಳಿದಾರೆ."

"ಗೊತ್ತು ಸರ್. ಇಬ್ಬರು."

"ನಿನ್ನ ಒಳ್ಳೇದಕ್ಕೇ ಹೇಳ್ತಿದೀನಿ. ಈ ಕೆಲಸ ಉಳಿಯಲ್ಲ."

"ಉಳೀದಿದ್ರೆ ಹೋಗ್ಲಿ."

ಫೋನು ಗುಂಯ್‌ಗುಟ್ಟಿತು. ಗಂಡ. ಬೆಳಗಿನಿಂದ ಇದು ಆರನೇ ಸಲ.

"ಹಟ ಬಿಡೇ. ಮನೆಮಂದಿನೆಲ್ಲ ಬೀದಿಗೆ ತರ್ತೀಯಾ? ಅವನು ಹೇಗೂ ಬದುಕಿಕೊಂಡ."

"ಅವನ ಕಾಲನ್ನ ನೀವು ನೋಡಿಲ್ಲರೀ," ಎಂದು ಫೋನು ಬೋರಲು ಹಾಕಿದಳು.

ಗುಂಡಿ ಒತ್ತಿದಳು. ವಿ ಹದಿಮೂರು. ಕಡತ ಹೋಯಿತು. ಮುಖ್ಯಸ್ಥರು ಹಣೆ ಹಣೆ ಚಚ್ಚಿಕೊಂಡರು.

ಅರ್ಧ ಗಂಟೆಗೆಲ್ಲ ಇನ್ಸ್‌ಪೆಕ್ಟರು ಟೋಪಿ ಕಂಕುಳಿಗೆ ಸಿಕ್ಕಿಸಿಕೊಂಡು ಬಂದರು. "ಕಾರು ಗುದ್ದಿದೆ ಅಂತ ಹಾಕಿದೀರಿ. ಸರಿ. ಓಡಿಸ್ತಿದ್ದವರು ಯಾರು ಅಂತ ಇಲ್ಲಿ ಯಾರಿಗಾದ್ರೂ ಗೊತ್ತಾ?"

ಮುಖ್ಯಸ್ಥರು ನೆಲ ನೋಡಿದರು. ಕೋಡಕ್ಕ ಎದ್ದು ನೆಟ್ಟಗೆ ನಿಂತಳು.

"ನಾನೇ," ಎಂದಳು. "ತಾನಾಗಿ ಬಿದ್ದ ಅಂತ ನಿನ್ನೆ ಬರೆಸಿದವಳೂ ನಾನೇ."