ಎಂಬತ್ತು ಸಾಕು

"ಎಂಬತ್ತಾಯ್ತಲ್ಲಮ್ಮ, ತೆಗೀರಿ ಇನ್ನು!" ಬೆವನ್ ಹಳೆಯ ಹಸಿರು ಕಾರಿನ ಗಾಜನ್ನು ಗೆಣ್ಣಿನಿಂದ ಕುಟ್ಟಿದ.

ಒಳಗಿದ್ದ ಹೆಂಗಸು ಬೆಚ್ಚಿಬಿದ್ದಳು. ಇಷ್ಟು ಹೊತ್ತೂ ಅವಳು ಮುಂದಿನ ಗಾಜಿನತ್ತ ನಗುತ್ತ, ಕೈಯಾಡಿಸುತ್ತ, ತನ್ನಷ್ಟಕ್ಕೆ ತಾನೇ ಏನೋ ಹೇಳಿಕೊಳ್ಳುತ್ತಿದ್ದಳು. ಅರವತ್ತು ದಾಟಿದ ವಯಸ್ಸು, ಕಾಲಿಗೆ ರಬ್ಬರ್ ಚಪ್ಪಲಿ, ಹಿಂದಿನ ಸೀಟಿನಲ್ಲಿ ಜೊಲ್ಲು ಸುರಿಸುವ ನಾಯಿ. ಮುದುಕಿಗೆ ತಲೆ ನೆಟ್ಟಗಿಲ್ಲ ಎಂದು ಬೆವನ್ ಆಗಲೇ ತೀರ್ಮಾನಿಸಿದ್ದ.

ಗೋಧಿ ತುಂಬಿಡುವ ಸೈಲೋ ಗೋಪುರಗಳ ಪಕ್ಕದಲ್ಲಿ ಕರೆಂಟು ಕಾರುಗಳಿಗೆಂದು ಇದ್ದದ್ದು ಒಂದೇ ಒಂದು ವೇಗದ ಚಾರ್ಜರ್. ಈಸ್ಟರ್ ಶನಿವಾರ ಬೇರೆ. ಬೆವನ್‌ನ ಹಿಂದೆ ಇನ್ನೂ ನಾಲ್ಕು ಕಾರುಗಳು ಬಿಸಿಲಲ್ಲಿ ಬೇಯುತ್ತಿದ್ದವು. ಜನ ಕಾಯುತ್ತಿದ್ದರೆ ಎಂಬತ್ತು ಪರ್ಸೆಂಟಿಗೆ ಕೇಬಲ್ ಕಳಚಬೇಕು. ಅಲ್ಲಿಂದಾಚೆ ಕರೆಂಟು ಬಸವನಹುಳುವಿನಂತೆ ತೆವಳುತ್ತದೆ. ಕಾನೂನೇನಲ್ಲ, ಮರ್ಯಾದೆ ಇದ್ದವರು ಪಾಲಿಸುತ್ತಾರೆ.

"ನೂರು ತುಂಬದಿದ್ರೆ ಇದು ಊರು ಮುಟ್ಟಲ್ಲಪ್ಪ," ಎಂದಳು ಅವಳು. "ಬ್ಯಾಟರಿ ನನ್ನಷ್ಟೇ ಹಳೇದು. ಗಾಳಿ ಬೇರೆ ಎದುರಿಗಿದೆ. ಅಲ್ಲಿ ನನಗೋಸ್ಕರ ಜನ ಕಾಯ್ತಿದಾರೆ."

"ಇಲ್ಲೂ ಕಾಯ್ತಿದಾರೆ. ಕಣ್ಣು ಕಾಣಲ್ವಾ?"

ತನ್ನ ಅವಸರ ಏನೆಂದು ಅವನು ಹೇಳಲಿಲ್ಲ. ಇಂಥವಳ ಮುಂದೆ ಹೇಳಿಕೊಳ್ಳುವುದೇನು! ಸಂಜೆ ಕಡಲತಡಿಯ ಊರಾದ ಸ್ಟ್ರೀಕಿ ಬೇಯಲ್ಲಿ ಮಗಳು ತಮ್ಸಿನ್‌ಳ ಮದುವೆ. ಚರ್ಚಿಲ್ಲ, ಪಾದ್ರಿಯಿಲ್ಲ, ಬರಿಗಾಲಲ್ಲಿ ಮರಳ ಮೇಲೆ. ಬೆವನ್‌ಗೆ ಅದು ಹಿಡಿಸಿರಲಿಲ್ಲ, ಆದರೆ ತುಟಿ ಬಿಚ್ಚುವಂತಿರಲಿಲ್ಲ. ಮಗಳ ಪದವಿ ಸಮಾರಂಭಕ್ಕೂ, ಅವಳ ಅಮ್ಮನ ಮಣ್ಣಿಗೂ ತಡವಾಗಿ ಹೋದ ಪುಣ್ಯಾತ್ಮ ಅವನು. "ಈ ಸಲವೂ ಕಾಯಿಸಿದ್ರೆ ನನಗೆ ಅಪ್ಪನೇ ಇಲ್ಲ ಅಂದ್ಕೋತೀನಿ," ಎಂದು ತಮ್ಸಿನ್ ಫೋನಿನಲ್ಲಿ ಖಡಾಖಂಡಿತವಾಗಿ ಹೇಳಿದ್ದಳು.

"ಎಳೆದು ಬಿಸಾಕು ಗುರು!" ಹಿಂದಿನ ಕಾರಿನವನು ಕೂಗಿದ. "ಕರೆಂಟೇನು ಅವಳಪ್ಪಂದಾ?"

ಬೆವನ್ ಚಾರ್ಜರಿನ ಗುಂಡಿ ಒತ್ತಿ ನಿಲ್ಲಿಸಿ, ಹಸಿರು ಕಾರಿನಿಂದ ಕೇಬಲ್ ಕಿತ್ತೇಬಿಟ್ಟ. ಸಾಲಿನಲ್ಲಿದ್ದವರು ಚಪ್ಪಾಳೆ ತಟ್ಟಿದರು.

ಹೆಂಗಸಿನ ಮುಖ ಕೆಂಪಾಯಿತು. "ನಾನು ದಾರೀಲಿ ನಿಂತುಹೋದ್ರೆ ನೀವು ಕರ್ಕೊಂಡು ಹೋಗ್ತೀರಾ?"

"ನಿಮ್ಮ ನಾಯಿಗೆ ಹಗ್ಗ ಕಟ್ಟಿ, ಎಳಕೊಂಡು ಹೋಗುತ್ತೆ!"

ಎಲ್ಲರೂ ಗೊಳ್ಳೆಂದರು. ಅವಳು ಗಾಜು ಏರಿಸಿಕೊಂಡು ಹೊರಟುಹೋದಳು.

ಬೆವನ್ ತನ್ನ ಕಾರಿಗೆ ಎಂಬತ್ತು ತುಂಬುತ್ತಲೇ ಕೇಬಲ್ ಕಳಚಿ, ಹಿಂದಿನವನಿಗೆ ಸಲಾಮು ಹೊಡೆದು ಹೊರಟ. ಹೊಸ ಕಾರು, ಎದುರುಗಾಳಿಗೆ ಕ್ಯಾರೇ ಅನ್ನಲಿಲ್ಲ.

ಪೂಚೆರಾ ಎಂಬ ಹಳ್ಳಿ ದಾಟಿ ಬಹಳ ದೂರ ಹೋದ ಮೇಲೆ ರಸ್ತೆಯಂಚಿನ ಧೂಳಿನಲ್ಲಿ ಹಸಿರು ಕಾರು ಕಂಡಿತು. ಹೆಂಗಸು ಎರಡೂ ಕೈ ಬೀಸುತ್ತಿದ್ದಳು. ಅವನ ಕಾಲು ಬ್ರೇಕಿನ ಮೇಲೆ ಹೋಯಿತು. ನಿಲ್ಲಿಸಿದರೆ ಅವಳ ಬೈಗುಳ, ನಾಯಿ, ಗಂಟುಮೂಟೆ, ಮತ್ತೆ ತಡ. ಅಲ್ಲಿ ಫೋನೂ ಹತ್ತುವುದಿಲ್ಲವೆಂಬುದು ಅವನಿಗೆ ಗೊತ್ತಿತ್ತು. ಹಿಂದೆ ಯಾರಾದರೂ ಬರುತ್ತಾರೆ ಬಿಡು ಎಂದುಕೊಂಡ. ಉದ್ದಕ್ಕೆ ಹಾರನ್ ಬಾರಿಸಿ, ವೇಗ ಹೆಚ್ಚಿಸಿದ.

ಸ್ಟ್ರೀಕಿ ಬೇ ಮುಟ್ಟಿದಾಗ ಇನ್ನೂ ಸಮಯವಿತ್ತು. ಕಡಲ ದಂಡೆಯಲ್ಲಿ ನೆಂಟರು ಕುರ್ಚಿ ಹಿಡಿದು ಕೂತಿದ್ದರು. ಬಿಳಿ ಉಡುಪಿನ ತಮ್ಸಿನ್ ಬರಿಗಾಲಲ್ಲೇ ಓಡಿಬಂದು ಅವನನ್ನು ತಬ್ಬಿಕೊಂಡಳು.

"ಬಂದೆಯಾ ಅಪ್ಪ! ಅದೂ ಹೊತ್ತಿಗೆ ಮುಂಚೆ!"

ಬೆವನ್ ಅವಳ ತಲೆ ನೇವರಿಸಿದ. "ಈ ಸಲ ನಿನ್ನ ಕಾಯಿಸಲಿಲ್ಲ ನೋಡು," ಎಂದ. ಅವನ ಜನ್ಮದಲ್ಲಿ ಅಷ್ಟು ಸಂತೋಷ ಅವನಿಗೆ ಆಗಿರಲಿಲ್ಲ.

ತಮ್ಸಿನ್ ಅವನ ಭುಜದಾಚೆ ರಸ್ತೆಯನ್ನೇ ನೋಡುತ್ತಿದ್ದಳು.

"ಪಾದ್ರಿ ಬದಲು ಮದುವೆ ಮಾಡಿಸೋಕೆ ಲೈಸೆನ್ಸ್ ಇರೋ ಮೇಡಂ ಒಬ್ರೇ ಇನ್ನೂ ಬಂದಿಲ್ಲ, ಫೋನೂ ಸಿಗ್ತಿಲ್ಲ, ಅವರನ್ನ ಬಿಟ್ರೆ ಈ ಕಡೆ ಆ ಅಧಿಕಾರ ಇರೋರು ಬೇರೆ ಯಾರೂ ಇಲ್ಲ," ಎಂದಳು. "ದಾರೀಲಿ ಒಂದು ಹಳೇ ಹಸಿರು ಕಾರು ಎಲ್ಲಾದ್ರೂ ಕಂಡ್ಯಾ ಅಪ್ಪ?"